ಬಿಡಾರಕ್ಕೆ ಬಂದ ಸುದ್ದಿ: ಕೋಠಿಯ ಎರಡು ಶತಮಾನ

ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಎಂದರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ. ಕೇಬಲ್ ಸುರುಳಿ, ಸ್ಪೀಕರು, ಸಿಸಿಟಿವಿ ಕ್ಯಾಮೆರಾ, ಡಿಶ್, ಅಡಾಪ್ಟರು, ಬಗೆಬಗೆಯ ಪಿನ್ನು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ಇಲ್ಲಿಯವರಿಗೆ ಇದು ಹಾಗೆ. ವ್ಯಾನಿನಲ್ಲೇ ಮಲಗಿ, ವ್ಯಾನಿನಲ್ಲೇ ಅನ್ನ ಬೇಯಿಸಿಕೊಂಡು ಊರೂರು ತಿರುಗುವವರಿಗೆ ಇಂಟರ್ನೆಟ್ ಹಿಡಿದುಕೊಳ್ಳಲು ಬೇಕಾದದ್ದೆಲ್ಲ ಈ ಇಕ್ಕಟ್ಟಿನ ಅಂಗಡಿಗಳಲ್ಲಿ ಸಿಗುತ್ತದೆ: ಸಿಮ್ ಹಾಕುವ ರೌಟರು, ಚಾವಣಿಗೆ ಬಿಗಿಯುವ ಆಂಟೆನಾ, ಹನ್ನೆರಡು ವೋಲ್ಟಿನ ಬ್ಯಾಟರಿ, ಸೋಲಾರ್ ಫಲಕ.

ಗಲ್ಲಿಯಿಂದ ನಡೆದು ಹೋಗುವಷ್ಟು ದೂರದಲ್ಲೇ, ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗೆ, ಎತ್ತರದ ಕಂಬಗಳ ಬಿಳಿ ಬಂಗಲೆಯೊಂದಿದೆ. ಅದು ಬ್ರಿಟಿಷ್ ರೆಸಿಡೆನ್ಸಿ. ಈ ಬಡಾವಣೆಗೆ ಕೋಠಿ ಎಂಬ ಹೆಸರು ಬಂದದ್ದೇ ಅದರಿಂದ. ಊರು ಬಿಟ್ಟು ಡೇರೆಯಲ್ಲಿರುವವನಿಗೆ ಸುದ್ದಿ ಮುಟ್ಟಿಸುವುದು, ಅವನಿಂದ ಸುದ್ದಿ ತರಿಸಿಕೊಳ್ಳುವುದು ಇನ್ನೂರು ವರ್ಷದ ಹಿಂದೆ ಆ ಬಂಗಲೆಯ ನಿತ್ಯದ ಚಿಂತೆಯಾಗಿತ್ತು. ಈ ಎರಡು ಶತಮಾನದಲ್ಲಿ ಸಲಕರಣೆ ಪೂರ್ತಿ ಬದಲಾಗಿದೆ. ಆದರೆ ಎರಡು ಸಂಗತಿ ಹಾಗೆಯೇ ಉಳಿದುಬಂದಿವೆ. ದೂರದ ಬಿಡಾರದ ಕೊನೆಯ ಮೈಲಿಯನ್ನು ಯಾರೋ ಒಬ್ಬರು ಮೈಮುರಿದು ದಾಟಿಸಬೇಕು. ದಾಟಿಸಲು ಅಪ್ಪಣೆ ಆಳುವವರಿಂದ ಬರಬೇಕು. ಕೋಠಿಯ ಕಥೆಯಲ್ಲಿ ಈ ಎರಡೂ ಉದ್ದಕ್ಕೂ ಕಾಣುತ್ತವೆ. ಆ ಕಥೆಯ ದೊಡ್ಡ ಪಾಲು ನಡೆದದ್ದು ಕನ್ನಡದ ನೆಲದಲ್ಲಿ.

ಬಂಗಲೆ ಎದ್ದ ಬಗೆಯ ಕುರಿತು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಮಾಲ್ಕಮ್ ಹೇಳಿದ ಕಥೆಯೊಂದು ಪ್ರಸಿದ್ಧವಾಗಿದೆ. ನಿಜಾಮನ ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಮೂಸಿಯ ಉತ್ತರ ದಂಡೆಯಲ್ಲಿ ಸುಮಾರು ಅರವತ್ತು ಎಕರೆ ಬೇಡಿ, ದೊಡ್ಡ ಹಾಳೆಯ ಮೇಲೆ ಬರೆಸಿದ ನಕ್ಷೆಯನ್ನು ನಿಜಾಮ್ ಅಲಿ ಖಾನನ ಮುಂದೆ ಬಿಡಿಸಿದನಂತೆ. ನಿಜಾಮ ಒಪ್ಪಲಿಲ್ಲ. ತನ್ನ ಇಡೀ ರಾಜ್ಯದ ನಕ್ಷೆಯೇ ಅಷ್ಟು ದೊಡ್ಡದಿತ್ತು, ಅಷ್ಟು ನೆಲ ಕೊಡುವುದು ಹೇಗೆ? ಅದೇ ನಕ್ಷೆಯನ್ನು ಸಣ್ಣ ಚೀಟಿಯ ಮೇಲೆ ಬರೆಸಿ ತಂದಾಗ ತಕ್ಷಣ ಒಪ್ಪಿದ. ಮದ್ರಾಸ್ ಎಂಜಿನಿಯರ್ಸ್ ಪಡೆಯ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ರಸೆಲ್ ಬಂಗಲೆಯ ವಿನ್ಯಾಸ ಮಾಡಿದ. 1803ರ ಹೊತ್ತಿಗೆ ಕೆಲಸ ಶುರುವಾಯಿತು. ಖರ್ಚು ನಿಜಾಮ ಸರ್ಕಾರದ್ದು.

ಕಂಬಗಳ ಚೆಲುವು ಕಂಡು ಮೆಚ್ಚುವವರಿಗೆ ಅಲ್ಲಿ ನಡೆಯುತ್ತಿದ್ದ ಮುಖ್ಯ ಕೆಲಸ ಕಣ್ಣಿಗೆ ಬೀಳುವುದಿಲ್ಲ. ರೆಸಿಡೆಂಟನ ದಿನದ ಬಹುಪಾಲು ಪತ್ರ ಓದುವುದರಲ್ಲಿ, ಪತ್ರ ಬರೆಯುವುದರಲ್ಲಿ ಕಳೆಯುತ್ತಿತ್ತು. ಫಾರ್ಸಿ ಪತ್ರಗಳಿಗೆ ಮುನ್ಷಿ, ದರ್ಬಾರಿನ ಸುದ್ದಿ ಬರೆದು ಕಳಿಸಲು ಅಖ್ಬಾರ್ ನವೀಸರು, ಸುದ್ದಿ ಹೊತ್ತು ಓಡಲು ಹರಿಕಾರರು. ಗುಟ್ಟಿನ ವಿಷಯವಾದರೆ ಸಂಕೇತ ಲಿಪಿ. ಕಂಪನಿಯ ಡಾಕ್ ಎಂಬುದು ಓಟಗಾರರ ಸರಪಳಿ: ಒಬ್ಬ ತನ್ನ ಚೌಕಿಯಿಂದ ಮುಂದಿನ ಚೌಕಿಗೆ ಓಡಿ ಚೀಲ ಒಪ್ಪಿಸುತ್ತಾನೆ, ಅಲ್ಲಿಂದ ಇನ್ನೊಬ್ಬ ಹೊರಡುತ್ತಾನೆ. ಕಾಡಿನ ದಾರಿಯಲ್ಲಿ ರಾತ್ರಿಯಾದರೆ ಜೊತೆಗೆ ಪಂಜು ಹಿಡಿದವನು, ಪ್ರಾಣಿಗಳನ್ನು ಹೆದರಿಸಲು ತಮಟೆಯವನು. ವಾರನ್ ಹೇಸ್ಟಿಂಗ್ಸ್ 1774ರಲ್ಲಿ ಇದನ್ನು ಸಾರ್ವಜನಿಕರಿಗೂ ತೆರೆದಾಗ ನೂರು ಮೈಲಿಗೆ ಎರಡಾಣೆ ದರ ಗೊತ್ತುಮಾಡಿದ್ದ. ಇಂಥ ವ್ಯವಸ್ಥೆ ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ಕಟ್ಟಿದ್ದರು. ಆ ಅಂಚೆ ಕಾಗದ ಒಯ್ಯುವುದರ ಜೊತೆಗೆ ನಾಡಿನ ಮೂಲೆಮೂಲೆಯ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿತ್ತು.

ದಂಡು ಹೊರಟಾಗ ಈ ಸರಪಳಿಗೆ ನಿಜವಾದ ಪರೀಕ್ಷೆ. 1798ರ ಸೆಪ್ಟೆಂಬರ್ 1ರಂದು ಕರ್ಕ್‌ಪ್ಯಾಟ್ರಿಕ್ ನಿಜಾಮನೊಂದಿಗೆ ಸಹಾಯಕ ಸೈನ್ಯದ ಒಪ್ಪಂದ ಮುಗಿಸಿದ. ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ಪಡೆಯ ಆಯುಧ ಕೆಳಗಿಳಿಯಿತು. ನಿಜಾಮನ ದಂಡು ಮೀರ್ ಆಲಂನ ನಾಯಕತ್ವದಲ್ಲಿ ಶ್ರೀರಂಗಪಟ್ಟಣದತ್ತ ನಡೆಯಿತು. ರೆಸಿಡೆನ್ಸಿಯ ಸಹಾಯಕನಾಗಿದ್ದ ಮಾಲ್ಕಮ್ ಅದರ ಜೊತೆಗೇ ಹೊರಟ. ಮುಂದೆ ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟು ಅದನ್ನು ಸೇರಿಕೊಂಡಿತು. ದಿನಕ್ಕೊಂದು ಕಡೆ ಬಿಡಾರ ಹೂಡುವ ಇಂಥ ದಂಡಿಗೆ ಗೊತ್ತಾದ ವಿಳಾಸವಿಲ್ಲ. ಅದರ ಬೆನ್ನು ಹತ್ತಿ ಚೀಲ ಮುಟ್ಟಿಸುವ ಹರಿಕಾರ ನಿನ್ನೆಯ ಒಲೆಯ ಬೂದಿ ನೋಡಿ ಇಂದಿನ ದಾರಿ ಊಹಿಸಬೇಕಿತ್ತು.

ಈ ತಡದ ಬೆಲೆಯನ್ನು ಚೆನ್ನಾಗಿ ಅರಿತಿದ್ದವನು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ಕಲ್ಕತ್ತದಲ್ಲಿ ಕೂತರೆ ಮೈಸೂರಿನ ಸುದ್ದಿ ವಾರಗಟ್ಟಲೆ ಹಳೆಯದಾಗಿ ಕೈಗೆ ಸಿಗುತ್ತಿತ್ತು, ಕೊಟ್ಟ ಆಜ್ಞೆ ಹಿಂದಿರುಗುವಷ್ಟರಲ್ಲಿ ಕಾಲ ಮಿಂಚಿರುತ್ತಿತ್ತು. ಓಟಗಾರರ ವೇಗ ಹೆಚ್ಚಿಸಲು ಸಾಧ್ಯವಿರಲಿಲ್ಲ. ಹಾಗಾಗಿ ತಾನೇ ಹಡಗು ಹತ್ತಿ 1798ರ ಕೊನೆಯ ದಿನ ಮದ್ರಾಸಿಗೆ ಬಂದಿಳಿದ. ಯುದ್ಧ ಮುಗಿಯುವವರೆಗೆ ಅಲ್ಲೇ ಉಳಿದ. 1799ರ ಮೇ 4ರಂದು ಟಿಪ್ಪು ಬಿದ್ದ ಸುದ್ದಿಯೂ ಅವನಿಗೆ ಮುಟ್ಟಿದ್ದು ಅಲ್ಲೇ. ಮೈಸೂರಿನ ಭವಿಷ್ಯ ಬರೆದ ಪತ್ರಗಳು ಅಷ್ಟು ಬೇಗ ಓಡಾಡಲು ಈ ಜಾಗ ಬದಲಾವಣೆಯೂ ಒಂದು ಕಾರಣ. ಇತಿಹಾಸದ ಪುಸ್ತಕಗಳು ಇದಕ್ಕೆ ಕೊಡುವ ಜಾಗ ಒಂದು ಸಾಲು ಮಾತ್ರ. ಅದು ಸಾಲದು.

ಆರು ವರ್ಷದ ನಂತರ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತಕ್ಕೆ ಹೋದ, ಅಲ್ಲೇ 1805ರ ಅಕ್ಟೋಬರ್ 15ರಂದು ತೀರಿಕೊಂಡ. ಅವನ ಹೆಂಡತಿ ಖೈರುನ್ನೀಸಾ ಹೈದರಾಬಾದಿನಲ್ಲಿದ್ದಳು. ಇಬ್ಬರು ಮಕ್ಕಳು ಅಷ್ಟರಲ್ಲೇ ಇಂಗ್ಲೆಂಡಿನ ಹಡಗು ಹತ್ತಿದ್ದರು. ಒಂದೇ ಸಾವು ಈ ಮನೆಯವರಿಗೆ ಬೇರೆ ಬೇರೆ ತಿಂಗಳಲ್ಲಿ ತಿಳಿಯಿತು.

ಡಾಕ್ ಸರಪಳಿಯ ತುದಿಯಲ್ಲಿ ಒಂಟಿಯಾಗಿ ಬದುಕುವುದು ಹೇಗಿರುತ್ತಿತ್ತು ಎಂಬುದಕ್ಕೆ ಸುರಪುರಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ತುಂಬಿದ ಹುಡುಗನಾಗಿ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದ. ಆ ವ್ಯಾಪಾರ ಕೈಕೊಟ್ಟಿತು. ನಿಜಾಮನ ಸೇವೆಗೆ ಸೇರಿದ. ಠಕ್ಕರ ಕುರಿತು 1839ರಲ್ಲಿ ಅವನು ಬರೆದ ಕಾದಂಬರಿ ಲಂಡನ್ನಿನಲ್ಲಿ ಹೆಸರು ಮಾಡಿತು. 1840ರ ದಶಕದ ಆರಂಭದಲ್ಲಿ ರೆಸಿಡೆಂಟ್ ಜನರಲ್ ಫ್ರೇಸರ್ ಅವನನ್ನು ಸುರಪುರ ಸಂಸ್ಥಾನದ ಉಸ್ತುವಾರಿಗೆ ಕಳಿಸಿದ. ರಾಜ ವೆಂಕಟಪ್ಪ ನಾಯಕ ಆಗ ಇನ್ನೂ ಚಿಕ್ಕ ಹುಡುಗ, ಆಡಳಿತ ತಾಯಿ ಈಶ್ವರಮ್ಮನ ಕೈಯಲ್ಲಿತ್ತು. ಟೇಲರ್ 1853ರವರೆಗೆ ಅಲ್ಲೇ ಇದ್ದ. ಗುಡ್ಡದ ಮೇಲೆ ಕಟ್ಟಿಕೊಂಡ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದವನೂ ಅವನೇ.

ಸುತ್ತ ನೂರು ಮೈಲಿಯಲ್ಲಿ ತನ್ನ ಭಾಷೆಯವರು ಬೆರಳೆಣಿಕೆಯಷ್ಟಿದ್ದ ಆ ಊರಲ್ಲಿ ಕೂತು ಟೇಲರ್ ಏನು ಮಾಡುತ್ತಿದ್ದ? 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಭಾರತದ ಬಾತ್ಮೀದಾರ ಅವನೇ ಆಗಿದ್ದ. ಹಗಲು ಕಚೇರಿ, ಕಂದಾಯ, ಬೇಡರ ನಾಯಕರ ಜೊತೆ ಪಂಚಾಯಿತಿ; ಬಿಡುವಾದಾಗ ಲಂಡನ್ನಿಗೆ ಪತ್ರ. ಅವನ ನೆಂಟ, ‘ಟೈಮ್ಸ್’ನಲ್ಲಿ ಪ್ರಭಾವವಿದ್ದ ಹೆನ್ರಿ ರೀವ್‌ಗೆ ಅವನು ಬರೆದ ಪತ್ರಗಳು ಮುಂದೆ ಪುಸ್ತಕವಾಗಿ ಬಂದವು. ಸುರಪುರದಿಂದ ಹೊರಟ ಕಾಗದ ಓಟಗಾರರ ಹೆಗಲ ಮೇಲೆ ಮುಂಬಯಿ ಸೇರಿ, ಅಲ್ಲಿಂದ ಹಬೆಯ ಹಡಗಿನಲ್ಲಿ ಸೂಯೆಜ್‌ಗೆ, ಸೂಯೆಜ್‌ನಿಂದ ನೆಲದ ಮೇಲೆ ಅಲೆಕ್ಸಾಂಡ್ರಿಯಾಕ್ಕೆ, ಮತ್ತೆ ಹಡಗಿನಲ್ಲಿ ಯೂರೋಪಿಗೆ. ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟಾದರೂ ಬರೆಯುವುದು ಬಿಡಲಿಲ್ಲ. ದೂರದಿಂದ ಕೆಲಸ ಮಾಡುವುದು ಈ ಶತಮಾನದ ಆವಿಷ್ಕಾರ ಎಂದುಕೊಂಡವರು ಟೇಲರ್ ಮಂಜಿಲ್‌ನ ಮೆಟ್ಟಿಲು ಹತ್ತಿ ಬರಬೇಕು.

ಆ ದಾರಿಯಲ್ಲೇ ದುರಂತವೂ ನಡೆದು ಬಂತು. 1857ರ ಜುಲೈ 17ರಂದು ತುರ್‍ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳತ್ವದಲ್ಲಿ ಜನ ಕೋಠಿಯ ರೆಸಿಡೆನ್ಸಿಯ ಮೇಲೆ ನುಗ್ಗಿದರು. ದಾಳಿ ವಿಫಲವಾಯಿತು. ಉತ್ತರದ ದಂಗೆಯ ಸುದ್ದಿ ಡೆಕ್ಕನ್ನಿನ ಸಂತೆ, ಮಸೀದಿ, ಛಾವಣಿಗಳಲ್ಲಿ ಆಗಲೇ ಹರಡಿತ್ತು. ಸುರಪುರದ ಯುವರಾಜನಾಗಿ ಬೆಳೆದು ಈಗ ಪಟ್ಟದಲ್ಲಿದ್ದ ವೆಂಕಟಪ್ಪ ನಾಯಕನಿಗೂ ದಕ್ಷಿಣ ಮರಾಠಾ ಪ್ರಾಂತ್ಯದ ಬಂಡುಕೋರರಿಂದ ಗುಟ್ಟಿನ ಸಂದೇಶಗಳು ಬರುತ್ತಿದ್ದವು. ಅಂದರೆ ಸರ್ಕಾರದ ಡಾಕ್ ಒಂದು ಕಡೆ, ಅದರ ಕಣ್ಣು ತಪ್ಪಿಸಿ ಓಡುವ ಜನರ ಡಾಕ್ ಇನ್ನೊಂದು ಕಡೆ. 1858ರ ಆರಂಭದಲ್ಲಿ ರೆಸಿಡೆಂಟ್ ಕಥ್‌ಬರ್ಟ್ ಡೇವಿಡ್‌ಸನ್ ತನ್ನ ಸಹಾಯಕ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳಿಸಿದ. ಫೆಬ್ರುವರಿ 7ರ ರಾತ್ರಿ ಬ್ರಿಟಿಷರ ಬಿಡಾರದ ಮೇಲೆ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ನಾಯಕ ರಾತ್ರೋರಾತ್ರಿ ಕುದುರೆ ಏರಿ ಹೈದರಾಬಾದಿಗೆ ಬಂದ, ಸೆರೆ ಸಿಕ್ಕ, ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ.

ಬಾಲ್ಯದಲ್ಲಿ ಈ ಹುಡುಗ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಸೆರೆಯಲ್ಲಿದ್ದಾಗ ಇಬ್ಬರೂ ಮತ್ತೆ ಭೇಟಿಯಾದರು. ಮರಣದಂಡನೆ ಮೊದಲು ಗಡೀಪಾರಾಗಿ, ಆಮೇಲೆ ಗವರ್ನರ್ ಜನರಲ್‌ನ ಆಜ್ಞೆಯಂತೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಚಿಂಗಲ್‌ಪೇಟೆಗೆ ಸಾಗಿಸುವಾಗ, ಹೈದರಾಬಾದ್ ಬಿಟ್ಟ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡು ತಗಲಿ ನಾಯಕ ಸತ್ತ. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಎಂಬ ಪ್ರಶ್ನೆ ಸುರಪುರದಲ್ಲಿ ಇನ್ನೂ ಜೀವಂತವಾಗಿದೆ. ಡೇರೆಯೊಳಗಿನ ಆ ಕ್ಷಣಕ್ಕೆ ಸಾಕ್ಷಿ ಹೇಳಲು ಉಳಿದದ್ದು ಸರ್ಕಾರದ ಕಾಗದ ಒಂದೇ. ಸುದ್ದಿಯ ದಾರಿ ಯಾರ ಕೈಯಲ್ಲಿರುತ್ತದೆಯೋ ಸುದ್ದಿಯೂ ಅವರದೇ ಆಗುತ್ತದೆ ಎಂಬುದು ಇಲ್ಲಿ ಸ್ಪಷ್ಟ.

ತಂತಿ ಬಂದ ಮೇಲೆ ಓಟಗಾರನ ಓಟ ತಗ್ಗಿತು. ಡಾಕ್ಟರ್ ಓ’ಶಾಗ್ನೆಸಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ಪ್ರಯೋಗದ ತಂತಿ ಎಳೆಯಲು ಶುರು ಮಾಡಿದ್ದು 1850ರಲ್ಲಿ. ಐದಾರು ವರ್ಷದಲ್ಲಿ ಕಲ್ಕತ್ತ, ಆಗ್ರಾ, ಮುಂಬಯಿ, ಮದ್ರಾಸು ಒಂದೇ ಜಾಲದಲ್ಲಿ ಸೇರಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ಇಂದಿನ ಕಲಬುರಗಿ ಜಿಲ್ಲೆಯ ವಾಡಿ ಹೈದರಾಬಾದಿನ ಹೆಬ್ಬಾಗಿಲಾಯಿತು. ತಂತಿ, ರೈಲು ಬಂದರೂ ಸಾಹೇಬರ ಚಳಿಗಾಲದ ಡೇರೆ ಪ್ರವಾಸದ ರೂಢಿಯಂತೂ ಮೊಘಲರ ಕಾಲದ್ದೇ ಮುಂದುವರಿದಿತ್ತು. ಎರಡು ಜೊತೆ ಡೇರೆ ಇರುತ್ತಿದ್ದವು. ಒಂದರಲ್ಲಿ ಸಾಹೇಬ ಮಲಗಿರುವಾಗಲೇ ಇನ್ನೊಂದು ಜೊತೆ, ಪೇಷ್‌ಖೈಮಾ, ಮುಂದಿನ ಮೊಕ್ಕಾಮಿಗೆ ಹೊರಟು ಬೆಳಗಾಗುವಷ್ಟರಲ್ಲಿ ಎದ್ದು ನಿಂತಿರುತ್ತಿತ್ತು. ಲಾರ್ಡ್ ಕರ್ಜನ್ 1902ರಲ್ಲಿ ವರಂಗಲ್ ಕಡೆಯ ನೆಕ್ಕೊಂಡದಲ್ಲಿ ಹುಲಿ ಬೇಟೆಗೆ ಬಂದಾಗಿನ ವೈಭವ ರಾಜಾ ದೀನ್‌ದಯಾಳ್ ತೆಗೆದ ಛಾಯಾಚಿತ್ರದಲ್ಲಿ ಉಳಿದಿದೆ.

1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆ ತಂತಿಯ ಹಕ್ಕನ್ನು ಸರ್ಕಾರಕ್ಕೆ ಮಾತ್ರ ಮೀಸಲಿಟ್ಟಿತು. ನಿಸ್ತಂತು ಬಂದಾಗ 1933ರಲ್ಲಿ ಇನ್ನೊಂದು ಕಾಯ್ದೆ. ಪರವಾನಗಿ ಇಲ್ಲದೆ ವೈರ್‌ಲೆಸ್ ಸೆಟ್ಟು ಇಟ್ಟುಕೊಂಡರೇ ಅಪರಾಧ. ಈ ಎರಡು ಕಾಯ್ದೆಯ ನೆರಳು ಇಂದಿನ ಕ್ಯಾರವಾನಿನ ಚಾವಣಿಯವರೆಗೂ ಚಾಚಿದೆ. ಅದರ ಮಾತು ಮುಂದೆ ಬರುತ್ತದೆ.

ನಿಜಾಮರ ನಾಡಿನಲ್ಲಿ ಎರಡು ಅಂಚೆ ಇದ್ದವು. 1869ರಿಂದ ತನ್ನದೇ ಚೀಟಿ ಅಚ್ಚು ಹಾಕಿಸುತ್ತಿದ್ದ ನಿಜಾಮರ ಅಂಚೆ ಒಂದು, ರೆಸಿಡೆನ್ಸಿಯ ಆಸರೆಯಲ್ಲಿದ್ದ ಬ್ರಿಟಿಷ್ ಅಂಚೆ ಇನ್ನೊಂದು. ಬಂಗಲೆಯ ಸುತ್ತ ಬೆಳೆದ ಪೇಟೆಗಳಿಗೆ, ಅಂದರೆ ಇಂದಿನ ಸುಲ್ತಾನ್ ಬಜಾರಿಗೆ, 1933ರವರೆಗೆ ಬ್ರಿಟಿಷ್ ಕಾನೂನು ಅನ್ವಯಿಸುತ್ತಿತ್ತು. ಸಭೆ ಸೇರಲು ಅಪ್ಪಣೆ ಬೇಡುತ್ತಿದ್ದ ಸಂಸ್ಥಾನದ ನಡುವೆ ಈ ಪೇಟೆ ಉಸಿರಾಡುವ ಜಾಗವಾಗಿತ್ತು. 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಹುಟ್ಟಿದ್ದು ಇಲ್ಲಿ, ಮರಾಠಿಗರ ವಿವೇಕವರ್ಧಿನಿ ಶಾಲೆ ಬೆಳೆದದ್ದು ಇದರ ಆಸುಪಾಸಿನಲ್ಲಿ. ಕನ್ನಡಿಗರು ಕಾಚಿಗುಡಾದ ಕಡೆ ನೆಲೆ ನಿಂತರು. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎದ್ದವು.

ಕೋಠಿಗೆ ಹತ್ತಿರದ ಚಿರಾಗ್ ಅಲಿ ಗಲ್ಲಿಯಲ್ಲಿ ಮಹಬೂಬ್ ಅಲಿ ಎಂಬುವರು 1933ರಲ್ಲಿ 200 ವ್ಯಾಟಿನ ಖಾಸಗಿ ಬಾನುಲಿ ಕೇಂದ್ರ ಶುರು ಮಾಡಿದರು. 1935ರಲ್ಲಿ ನಿಜಾಮ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಬಿತ್ತರಿಸಿದರು. ಹೈದರಾಬಾದಿನ ಆ ಕೇಂದ್ರ, ಅಂದರೆ ಡೆಕ್ಕನ್ ರೇಡಿಯೋ, ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಮಾತಾಡುತ್ತಿತ್ತು. ಹೀಗೆ ಕನ್ನಡದ ದನಿ ಒಂದೇ ಕಾಲದಲ್ಲಿ ಮೈಸೂರಿನಿಂದಲೂ ಹೈದರಾಬಾದಿನಿಂದಲೂ ಗಾಳಿಯಲ್ಲಿ ಹರಿಯಿತು. 

ಆದರೆ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸುವ 1947–48ರ ಹೋರಾಟದಲ್ಲಿ ಗಾಳಿಯ ದನಿ ನಿಜಾಮರದು, ನೆಲದ ಓಟ ಜನರದು. ಗಡಿಯಾಚೆ ಮುಂಬಯಿ ಪ್ರಾಂತ್ಯದ ನೆಲದಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ. ರೈಲು, ತಂತಿ, ರೇಡಿಯೋ ಮೂರೂ ಎದುರಾಳಿಯ ಕೈಯಲ್ಲಿದ್ದಾಗ ಶಿಬಿರಕ್ಕೆ ಹಳ್ಳಿಯ ಸುದ್ದಿ ಮುಟ್ಟಿಸಲು ಮತ್ತೆ ಕಾಲ್ನಡಿಗೆಯ ಮನುಷ್ಯರೇ ಬೇಕಾದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ರಂದು ನಿಜಾಮರು ರೇಡಿಯೋದಲ್ಲಿ ಶರಣಾಗತಿಯ ಮಾತಾಡಿದರು. ಮರುವರ್ಷ ರೆಸಿಡೆನ್ಸಿ ಬಂಗಲೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಯಿತು. 1950ರಲ್ಲಿ ನಿಜಾಮರ ಅಂಚೆ ಭಾರತದ ಅಂಚೆಯಲ್ಲಿ ಸೇರಿಹೋಯಿತು. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಅಲ್ಲಿಯವರು ಸಾಮಾನಿಗೆ, ಆಸ್ಪತ್ರೆಗೆ, ಹಳೆ ಪುಸ್ತಕಕ್ಕೆ ಕೋಠಿಗೆ ಬರುವುದು ಮಾತ್ರ ನಿಲ್ಲಲಿಲ್ಲ.

ಮುಂದಿನ ಅಧ್ಯಾಯದಲ್ಲಿ ಹೈದರಾಬಾದಿಗೂ ಕನ್ನಡ ಹಳ್ಳಿಗೂ ನಡುವೆ ಆಕಾಶವೇ ದಾರಿಯಾಯಿತು. 1967ರಲ್ಲಿ ಹೈದರಾಬಾದಿನಲ್ಲಿ ಇಸಿಐಎಲ್ ಶುರುವಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಪ್ರಯೋಗ ನಡೆದಾಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಡಲಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಸೆಟ್ಟುಗಳನ್ನು ತಯಾರಿಸಿದ್ದು ಇಸಿಐಎಲ್. ಆಂಟೆನಾ ಎಂದರೆ ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿ. ಪಂಚಾಯಿತಿ ಕಟ್ಟಡದ ಪಕ್ಕ ಆಕಾಶಕ್ಕೆ ಮುಖ ಮಾಡಿ ಅದನ್ನು ನಿಲ್ಲಿಸಿದರೆ ಸಂಜೆ ಇಡೀ ಊರು ಕೂತು ಕನ್ನಡ ಕಾರ್ಯಕ್ರಮ ನೋಡುತ್ತಿತ್ತು. ಟೇಲರನ ಪತ್ರ ಓಟಗಾರನಿಗಾಗಿ ಕಾಯುತ್ತಿದ್ದ ಅದೇ ಸೀಮೆ ಇದು. ದೂರವಾಣಿಯ ಕಂಬವೇ ಕಾಣದ ಹಳ್ಳಿಗಳಿಗೆ ಉಪಗ್ರಹ ಮೊದಲು ಬಂತು.

ಅಲ್ಲಿಂದಾಚೆಗೆ ಗುಜರಾತಿ ಗಲ್ಲಿಯಂಥ ಪೇಟೆಗಳಿಗೆ ಸುಗ್ಗಿ. ಟ್ರಾನ್ಸಿಸ್ಟರ್ ಬಿಡಿಭಾಗ ಹೋಗಿ ಟಿವಿ ಆಂಟೆನಾ, ಆಂಟೆನಾ ಹೋಗಿ ಕೇಬಲ್ಲು ಡಿಶ್ಶು, ಅದರ ಹಿಂದೆ ಮೋಡೆಮ್ಮು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದ ಜನರಿಗೆ ಇಂಟರ್ನೆಟ್ ತೆರೆಯಿತು. ಅದು ಟೆಲಿಫೋನ್ ತಂತಿಗೆ ಕಟ್ಟಿಹಾಕಿದ ಇಂಟರ್ನೆಟ್ಟು, ದಾರಿಯಲ್ಲಿರುವವನಿಗೆ ಊರಿನ ಸೈಬರ್ ಕೆಫೆಯೇ ಗತಿ. 2013ರ ಜುಲೈನಲ್ಲಿ ಹಳೆಯ ಟೆಲಿಗ್ರಾಂ ಸೇವೆ ಮುಚ್ಚಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ವ್ಯಾನಿನಲ್ಲಿ ಕೂತು ಕೆಲಸ ಮಾಡುವುದು ನಡೆಯಬಹುದಾದ ಮಾತಾಯಿತು. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ‘ಕೆರವಾನ್’ ಯೋಜನೆ ತಂದಿತು. ಬೆಂಗಳೂರಿನಲ್ಲಿ ಕ್ಯಾರವಾನು ಬಾಡಿಗೆಗೆ ಸಿಗುತ್ತದೆ.

ಕ್ಯಾರವಾನಿನಲ್ಲಿ ಸಿಗ್ನಲ್ಲಿಗೆ ಮೊದಲ ಶತ್ರು ಗಾಡಿಯ ಲೋಹದ ಮೈ. ಹೊರಗೆ ಎರಡು ಗೆರೆ ತೋರಿಸುವ ಫೋನು ಒಳಗೆ ಬಂದರೆ ಸುಮ್ಮನಾಗುತ್ತದೆ. ಆದ್ದರಿಂದ ಆಂಟೆನಾ ಹೊರಗೆ, ಆದಷ್ಟು ಎತ್ತರದಲ್ಲಿರಬೇಕು. ಅಲ್ಲಿಂದ ರೌಟರಿಗೆ ಬರುವ ಕೇಬಲ್ಲು ಆದಷ್ಟು ಗಿಡ್ಡವಿರಬೇಕು, ಏಕೆಂದರೆ ಪ್ರತಿ ಮೀಟರ್ ಕೇಬಲ್ಲೂ ಸಿಗ್ನಲನ್ನು ಒಂದಿಷ್ಟು ನುಂಗುತ್ತದೆ. 4ಜಿ ರೌಟರಿಗೆ ಎರಡು ಆಂಟೆನಾ ಬೇಕು, ಎರಡು ಕೇಬಲ್ಲು. ಕಡಿಮೆ ಆವರ್ತನದ ಅಲೆ ಗುಡ್ಡ ಮರ ದಾಟಿ ದೂರ ಬರುತ್ತದೆ, ಹೆಚ್ಚಿನದು ವೇಗ ಕೊಟ್ಟರೂ ಬೇಗ ಸೋಲುತ್ತದೆ. ಆಗುಂಬೆ, ಕುದುರೆಮುಖದ ತಿರುವುಗಳಲ್ಲಿ ಇದರ ಅನುಭವ ಎಲ್ಲರಿಗೂ ಆಗಿರುತ್ತದೆ. ಒಂದು ಕಂಪನಿಯ ಸಿಮ್ ಸತ್ತ ಕಡೆ ಇನ್ನೊಂದರದು ಬದುಕಿರಬಹುದಾದ್ದರಿಂದ ಅನುಭವಿಗಳು ಎರಡು ಸಿಮ್ ಇಟ್ಟಿರುತ್ತಾರೆ.

ಗಲ್ಲಿಯ ಮೇಜಿನ ಹಿಂದೆ ಕೂತವನು ಕೇಬಲ್ಲಿನ ಹೊರ ಸಿಪ್ಪೆಯನ್ನು ಬ್ಲೇಡಿನಿಂದ ಒಂದು ಸುತ್ತು ಕೊಯ್ದು, ಜಾಲರಿಯನ್ನು ಹಿಂದಕ್ಕೆ ಮಡಿಸಿ, ಒಳಗಿನ ತಾಮ್ರದ ಎಳೆಗೆ ಗೀರು ಬೀಳದ ಹಾಗೆ ಬಿಳಿ ಪದರ ಕಳಚುತ್ತಾನೆ. ಪಿನ್ನು ತೂರಿಸಿ ಇಕ್ಕಳದಲ್ಲಿ ಒತ್ತುತ್ತಾನೆ. ಮೀಟರು ಹಚ್ಚಿ ನೋಡುತ್ತಾನೆ. ಜಾಲರಿಯ ಒಂದೇ ಒಂದು ಕೂದಲೆಳೆ ತಾಮ್ರಕ್ಕೆ ತಾಗಿದರೂ ಇಡೀ ಏರ್ಪಾಡು ಹಾಳು. ಚಾವಣಿಯ ಆಂಟೆನಾ ಎಷ್ಟೇ ದುಬಾರಿಯದಾದರೂ ಕೊನೆಗೆ ನಿಂತಿರುವುದು ಈ ಬೆರಳುಗಳ ಮೇಲೆ.

ಅಪ್ಪಣೆಯ ಮಾತೂ ಹಾಗೇ ಇದೆ. ‘ಸಿಗ್ನಲ್ ಬೂಸ್ಟರ್’ ಹೆಸರಿನಲ್ಲಿ ಮಾರುವ ಪೆಟ್ಟಿಗೆಯನ್ನು ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು, ಬಳಸುವುದು ಕಾನೂನುಬಾಹಿರ. ಅದು ಸುತ್ತಲಿನ ಟವರಿನ ಕೆಲಸ ಕೆಡಿಸಿ ಊರಿನವರ ಕರೆಗಳನ್ನೇ ಕತ್ತರಿಸುತ್ತದೆ. ಆಂಟೆನಾ ಹಾಕಿದ ರೌಟರು ಬೇರೆ, ಬೂಸ್ಟರು ಬೇರೆ. ಕೊಳ್ಳುವವರು ಈ ವ್ಯತ್ಯಾಸ ತಿಳಿದಿರಬೇಕು. ವಿದೇಶದಿಂದ ತಂದ ಸ್ಯಾಟಲೈಟ್ ಫೋನು ಅನುಮತಿಯಿಲ್ಲದೆ ಇಟ್ಟುಕೊಂಡವರು ಪೊಲೀಸರ ಕೈಗೆ ಸಿಕ್ಕಿದ್ದಿದೆ. ಸ್ಟಾರ್‌ಲಿಂಕ್ ಕೂಡ ಅಪ್ಪಣೆಗಾಗಿ ವರ್ಷಗಟ್ಟಲೆ ಕಾದು, 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆಯಿತು.

ಟವರೇ ಬಿದ್ದುಹೋದರೆ ಏನು ಗತಿ? ಇದಕ್ಕೂ ಹೈದರಾಬಾದಿನಲ್ಲಿ ಉತ್ತರವಿದೆ. 1983ರಲ್ಲಿ ಶುರುವಾದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಇಲ್ಲಿಯದು. 2004ರ ಡಿಸೆಂಬರಿನಲ್ಲಿ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಜೊತೆಗಾರರು, ಬಹುವರ್ಷಗಳ ನಂತರ ಸಿಕ್ಕ ಅನುಮತಿಯ ಮೇಲೆ, ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಹ್ಯಾಮ್ ರೇಡಿಯೋ ಬಿಡಾರ ಹೂಡಿದ್ದರು. ಕರೆ ಸಂಕೇತ ವಿಯು4ಆರ್‌ಬಿಐ. ಜಗತ್ತಿನ ಮೂಲೆಮೂಲೆಯ ಹವ್ಯಾಸಿಗಳ ಜೊತೆ ಮಾತು ನಡೆದಿತ್ತು. 26ರ ಬೆಳಗಿನ ಹೊತ್ತು ನೆಲ ನಡುಗಿತು, ಸುನಾಮಿ ಬಂತು, ದೂರವಾಣಿ ಸತ್ತಿತು. ಹವ್ಯಾಸಕ್ಕೆಂದು ಒಯ್ದಿದ್ದ ಸೆಟ್ಟು, ಆಂಟೆನಾಗಳನ್ನೇ ಮತ್ತೆ ನಿಲ್ಲಿಸಿ ಆ ತಂಡ ದ್ವೀಪಗಳಿಗೂ ಮುಖ್ಯಭೂಮಿಗೂ ಕೊಂಡಿಯಾಯಿತು. ಬದುಕಿದವರ ಕ್ಷೇಮ ಸಮಾಚಾರ ಅವರ ಮನೆಯವರಿಗೆ ಮುಟ್ಟಿತು. ಅಪ್ಪಣೆ ಪತ್ರ ಹಿಡಿದು ಹೋಗಿದ್ದ ಸಾಮಾನ್ಯ ಜನರ ಒಂದು ಬಿಡಾರ ಹೀಗೆ ಸರ್ಕಾರಕ್ಕೇ ಆಸರೆಯಾಯಿತು. ಕೋಠಿಯ ರೆಸಿಡೆಂಟರು ಕನಸಿನಲ್ಲೂ ಎಣಿಸಿರದ ಸಂಗತಿ ಇದು.

ರೆಸಿಡೆನ್ಸಿ ಬಂಗಲೆ ದುರಸ್ತಿಯಾಗಿ 2023ರಲ್ಲಿ ಜನರಿಗೆ ತೆರೆಯಿತು. ಆ ಆವರಣ ಈಗ ಚಾಕಲಿ ಐಲಮ್ಮ ಮಹಿಳಾ ವಿಶ್ವವಿದ್ಯಾಲಯದ್ದು. ಹೈದರಾಬಾದಿಗೆ ಹೋದವರು ಅದನ್ನೂ ಗುಜರಾತಿ ಗಲ್ಲಿಯನ್ನೂ ಒಂದೇ ಬೆಳಗ್ಗೆ ನೋಡಿ ಬರಬಹುದು. ಕ್ಯಾರವಾನು ಹತ್ತಿ ಪಶ್ಚಿಮ ಘಟ್ಟಕ್ಕೋ ಸಮುದ್ರ ದಂಡೆಗೋ ಹೊರಡುವ ಕನ್ನಡದ ಯುವಕ ಯುವತಿಯರಲ್ಲಿ ಒಂದು ಕೋರಿಕೆ: ರೌಟರಿನ ಜೊತೆಗೆ ಹವ್ಯಾಸಿ ರೇಡಿಯೋದ ಪರವಾನಗಿಯನ್ನೂ ಪಡೆಯಿರಿ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯುವ ಅಗತ್ಯವೂ ಇಲ್ಲ. ಪರೀಕ್ಷೆ ನಡೆಸುವುದು ಕೇಂದ್ರದ ಸಂಪರ್ಕ ಸಚಿವಾಲಯ.